ಓರಗಿತ್ತಿಯ ಬೀದಿ

ಅಬ್ಬಿಗೆರೆಯ ನಮ್ಮ ಜಮೀನು ಭಾಗವಾದ ದಿನ ನನ್ನ ಓರಗಿತ್ತಿ ಅಡುಗೆಮನೆಯ ಮೂಲೆಯಲ್ಲಿ ಕೂತು ಅತ್ತಳು. ನಾನು ಅವಳ ಬೆನ್ನು ಸವರುತ್ತ ಒಳಗೊಳಗೇ ಹಿಗ್ಗುತ್ತಿದ್ದೆ. ಮೇನ್ ರೋಡಿಗೆ ಮುಖ ಮಾಡಿದ ಭಾಗ ನಮಗೆ ಬಂದಿತ್ತು. ಹಿರಿಯರಾದ ಭಾವನವರಿಗೆ ಬಂದದ್ದು ಹಿಂದಿನ ಭಾಗ, ಕೆರೆಯ ಕಡೆಗೆ ಇಳಿದುಹೋಗುವ ನೆಲ. ಅಲ್ಲಿಗೆ ಒಂದು ಗಾಡಿ ಹೋಗುವಷ್ಟು ದಾರಿಯೂ ನೆಟ್ಟಗಿರಲಿಲ್ಲ.

“ಆ ಮೂಲೆಗೆ ಯಾರ್ ಬರ್ತಾರೆ ಹೇಳು? ನಿಮ್ದೇ ಅದೃಷ್ಟ ಬಿಡು,” ಎಂದಳು ಅಕ್ಕ. ಮದುವೆಯಾಗಿ ಈ ಮನೆಗೆ ಬಂದಾಗಿನಿಂದ ನಾನು ಓರಗಿತ್ತಿಯನ್ನು ಅಕ್ಕ ಎಂದೇ ಕರೆಯುವುದು.

“ಹಾಗನ್ಬೇಡ ಅಕ್ಕ, ಮುಂದೆ ಅಲ್ಲೂ ಬೆಳೆಯತ್ತೆ,” ಎಂದೆ. ಬೆಳೆಯುತ್ತದೆಂಬ ನಂಬಿಕೆ ನನಗೆ ಚೂರೂ ಇರಲಿಲ್ಲ.

ಅತ್ತೆ ಆ ದಿನ ಮಕ್ಕಳ ಹತ್ತಿರ ಕೇಳಿದ್ದು ಒಂದೇ ಒಂದು. ಎರಡು ಭಾಗಗಳ ನಡುವೆ ಹಳೆಯ ಬದುವಿನ ಮೇಲೆ ಒಬ್ಬರು ನಡೆಯುವಷ್ಟು ಕಾಲುದಾರಿಯಿತ್ತು. “ಅದೊಂದು ಬುಡ್ರಪ್ಪ. ನಾನು ಈ ಮನೆಗೂ ಆ ಮನೆಗೂ ಓಡಾಡ್ಕೊಂಡಿರ್ತೀನಿ,” ಎಂದರು. ಇಬ್ಬರು ಮಕ್ಕಳೂ ಆಗಲಿ ಎಂದು ತಲೆಯಾಡಿಸಿದರು. ಆ ಮಾತನ್ನು ಯಾವ ಪತ್ರದಲ್ಲೂ ಬರೆಸಲಿಲ್ಲ.

ನಮ್ಮ ಯಜಮಾನರು ತಡಮಾಡದೆ ಕಟ್ಟಡ ಎಬ್ಬಿಸಿದರು. ಕೆಳಗೆ ಒಂದು ಬೇಕರಿ, ಒಂದು ಮೆಡಿಕಲ್ ಶಾಪು. ಮೊದಲನೇ ಮಹಡಿಯಲ್ಲಿ ನಾವು. ಅದರ ಮೇಲೆ ಬಾಡಿಗೆಯವರು. ಒಂದಡಿ ಜಾಗವನ್ನೂ ಬಿಡದೆ ಕಟ್ಟಿದರು. ಆಮೇಲೆ ರಸ್ತೆ ಅಗಲವಾಗಿ ನಮ್ಮ ಮೆಟ್ಟಿಲ ಬುಡಕ್ಕೇ ಬಂತು. ಅಂಗಡಿಗಳ ನೆಲ ರಸ್ತೆಗಿಂತ ಎರಡಡಿ ಎತ್ತರದಲ್ಲಿತ್ತು. ಬರುವವರ ಕಾರು ಹತ್ತಿ ನಿಲ್ಲಲೆಂದು ಮೋರಿಯ ಚಪ್ಪಡಿಗಳ ಮೇಲೆ, ಅಂದರೆ ಜನ ನಡೆಯಬೇಕಾದ ಜಾಗದ ಮೇಲೆ, ಕಟ್ಟಡದ ಉದ್ದಕ್ಕೂ ಸಿಮೆಂಟಿನ ಇಳಿಜಾರು ಹಾಕಿಸಿದರು. ಎಲ್ಲರೂ ಅದನ್ನು ರಾಂಪು ಅನ್ನುತ್ತಾರೆ.

“ಸಾರ್, ಇದು ಫುಟ್‌ಪಾತು. ಜನ ಎಲ್ಲಿ ಓಡಾಡ್ತಾರೆ?” ಎಂದು ಮೇಸ್ತ್ರಿ ಒಮ್ಮೆ ಕೇಳಿದ.

“ಈ ರೋಡಲ್ಲಿ ಯಾರ್ ಗುರು ನಡ್ಕೊಂಡ್ ಹೋಗ್ತಾರೆ? ಪಕ್ಕದೋರು ಹಾಕವ್ರೆ, ಎದುರುಗಡೆಯೋರು ಹಾಕವ್ರೆ. ನಾವೊಬ್ರೇ ಬಿಟ್ಕೊಂಡು ಕೂತ್ರೆ ಆಗ್ತದಾ?”

ಮೇಸ್ತ್ರಿ ಕಾಂಕ್ರೀಟು ಕಲಸಲು ಹೇಳಿದ. ನಾನೇ ಕೆಳಗಿಳಿದು ಕೆಲಸದವರಿಗೆಲ್ಲ ಕಾಫಿ ಕೊಟ್ಟೆ. ರಾಂಪು ನುಣ್ಣಗೆ ಬಂದಿದೆ ಎಂದು ಹೊಗಳಿದ್ದೂ ನೆನಪಿದೆ.

ಭಾವನವರ ಜಾಗ ಬಹಳ ಕಾಲ ಹಾಗೇ ಬಿದ್ದಿತ್ತು. ಕೊನೆಗೆ ಅದನ್ನು ಪುಟ್ಟ ಲೇಔಟ್ ಮಾಡಿ ಸೈಟು ಮಾಡಿದರು. ಒಪ್ಪಿಗೆ ಸಿಗಬೇಕಾದರೆ ಅಗಲವಾದ ರಸ್ತೆ ಬಿಡಬೇಕು, ಎರಡೂ ಕಡೆ ಫುಟ್‌ಪಾತು ಬಿಡಬೇಕು, ಪಾರ್ಕಿಗೆ ಜಾಗ ಬಿಡಬೇಕು ಎಂದರಂತೆ ಆಫೀಸಿನವರು. ಭಾವ ನಮ್ಮ ಮನೆಗೆ ಬಂದು, “ಬಿಟ್ಟೂ ಬಿಟ್ಟೂ ನನಗೇನೂ ಉಳೀಲಿಲ್ಲ ಕಣೋ,” ಎಂದು ಗೊಣಗಿದರು. ಅವರು ಹೋದ ಮೇಲೆ ನಾವಿಬ್ಬರೂ ನಕ್ಕೆವು.

ನಗು ಯಾವಾಗ ನಿಂತಿತೋ ಸರಿಯಾಗಿ ಹೇಳಲಾರೆ. ಅಲ್ಲಿ ಮನೆಗಳಾದವು, ಭಾವನವರದೂ ಒಂದು. ಭಾವ ನೆಡಿಸಿದ ಹೊಂಗೆ ಗಿಡಗಳು ಮರಗಳಾದವು. ಆ ಬೀದಿ ಕೆರೆಯ ಏರಿಗೆ ಹೋಗಿ ಮುಗಿಯುವುದರಿಂದ ಅಡ್ಡದಾರಿ ಹುಡುಕಿ ನುಗ್ಗುವ ಗಾಡಿಗಳಿಗೆ ಅಲ್ಲಿ ಕೆಲಸವಿರಲಿಲ್ಲ. ಮೇನ್ ರೋಡಿನಿಂದ ಒಳಗೆ ಬರುವ ತಿರುವು ಇಕ್ಕಟ್ಟಾಗಿತ್ತು; ಎಂಥವನೂ ಅಲ್ಲಿ ವೇಗ ಇಳಿಸಲೇಬೇಕು. ಪ್ರತಿ ಮನೆಯ ರಾಂಪೂ ಗೇಟಿನ ಒಳಗಿತ್ತು. ಹಾಗಾಗಿ ಫುಟ್‌ಪಾತು ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಮ. ಸಂಜೆ ಹೆಂಗಸರು ಜೋಡಿ ಜೋಡಿಯಾಗಿ ಕೈಬೀಸಿಕೊಂಡು ನಡೆಯುತ್ತಿದ್ದರು. ಮಕ್ಕಳು ರಸ್ತೆ ಮಧ್ಯೆ ಸೀಮೆಸುಣ್ಣದಲ್ಲಿ ಚೌಕ ಬರೆದು ಕುಂಟೆಬಿಲ್ಲೆ ಆಡುತ್ತಿದ್ದರು.

ನನ್ನ ಮಗಳು ಸೈಕಲ್ ಕಲಿತದ್ದು ಅಲ್ಲಿ. ನಮ್ಮ ಮನೆ ಮುಂದೆ ಸೈಕಲ್ ಇಳಿಸುವ ಮಾತೇ ಇರಲಿಲ್ಲ. ಒಂದು ಸಂಜೆ ಪಾತ್ರೆ ವಾಪಸು ಕೊಡುವ ನೆಪದಲ್ಲಿ ಹೋದಾಗ, ಅಕ್ಕ ಸೀರೆ ಎತ್ತಿ ಸಿಕ್ಕಿಸಿಕೊಂಡು ಸೈಕಲ್ಲಿನ ಸೀಟು ಹಿಡಿದು ನನ್ನ ಮಗಳ ಹಿಂದೆ ಓಡುತ್ತಿದ್ದಳು. “ಬಿಟ್ಬಿಟ್ಟೆ ಕಣೇ, ನೀನೇ ತುಳೀತಿದೀಯ!” ಎಂದು ಕೂಗಿದಳು. ಮಗಳು ತಿರುಗಿ ನಕ್ಕಳು. ಆ ನಗು ಅಕ್ಕನಿಗೆ ಸೇರಿದ್ದು. ನಾನು ಪಾತ್ರೆಯನ್ನು ಅವರ ಜಗುಲಿಯ ಮೇಲಿಟ್ಟು ಬಂದುಬಿಟ್ಟೆ.

ಆಮೇಲೂ ಒಂದೆರಡು ಸಲ ಹಾಗೆ ನೆಪ ಮಾಡಿಕೊಂಡು ಹೋಗಿದ್ದುಂಟು. ಆ ಫುಟ್‌ಪಾತಿನ ಮೇಲೆ ಕೆರೆ ಏರಿಯವರೆಗೆ ನಡೆದೆ. ಅರ್ಧ ದಾರಿ ಹೋದ ಮೇಲೆ ಗೊತ್ತಾಯಿತು, ಗಾಡಿ ಬಂತೇನೋ ಎಂದು ನಾನು ಒಮ್ಮೆಯೂ ಹಿಂದೆ ತಿರುಗಿ ನೋಡಿರಲಿಲ್ಲ. ಹಿತವಾಗುವ ಬದಲು ಮೈ ಉರಿಯಿತು. ಅಕ್ಕನಿಗೆ ಇದು ದಿನಾ ಇದೆಯಲ್ಲ ಎನ್ನಿಸಿತು. ನನ್ನನ್ನು ಕಂಡ ಅಕ್ಕ ಕಾಫಿಗೆ ಕರೆದು, “ನಿಂದೇನಮ್ಮ, ಮೇನ್ ರೋಡವಳು,” ಎಂದಳು. ಅವಳಿಗೂ ನನ್ನ ಮೇಲೆ ಅಸೂಯೆ ಉಳಿದಿದೆ ಎಂದು ತಿಳಿದು ಸ್ವಲ್ಪ ಸಮಾಧಾನವಾಯಿತು. ಅದೂ ಮನೆ ತಲುಪುವಷ್ಟರಲ್ಲಿ ಆರಿಹೋಯಿತು.

ಅತ್ತೆ ಇದ್ದದ್ದು ನಮ್ಮ ಜೊತೆ. ಎಪ್ಪತ್ತು ದಾಟಿದ್ದರೂ ಬಿರಬಿರನೆ ನಡೆಯುವವರು. ಬೆಳಿಗ್ಗೆ ನನ್ನ ಕೈಯಲ್ಲಿ ಗಂಜಿ ಕುಡಿದು, ಹಿಂದಿನ ಮೆಟ್ಟಿಲಿಳಿದು, ಆ ಕಾಲುದಾರಿ ಹಿಡಿದು ಅಕ್ಕನ ಬೀದಿ ಸೇರಿಬಿಡುತ್ತಿದ್ದರು. ಊಟದ ಹೊತ್ತಿಗೆ ವಾಪಸು. ಊಟ ಮಾಡುತ್ತ ಅಲ್ಲಿಯ ಸುದ್ದಿ. ಮೂಲೆ ಮನೆ ಟೀಚರಮ್ಮ ಹೀರೇಕಾಯಿ ಕೊಟ್ಟರು. ಯಾರದೋ ಮಗು ಇವತ್ತು ಮೊದಲ ಹೆಜ್ಜೆ ಇಟ್ಟಿತು. ರಾಜಾನುಕುಂಟೆ ಕಡೆಯಿಂದ ಬಂದ ಹೊಸ ಸೊಸೆ ಒಬ್ಬಳಿದ್ದಾಳೆ, ಸೋಬಾನೆ ಬರುತ್ತದಂತೆ. ನಮ್ಮ ರಸ್ತೆಯಲ್ಲಿ ಹೇಳುವಂಥ ಸುದ್ದಿ ಹುಟ್ಟುತ್ತಲೇ ಇರಲಿಲ್ಲ. ಎದುರು ಕಟ್ಟಡದ ಬಾಲ್ಕನಿಯ ಹೆಂಗಸೂ ನಾನೂ ವರ್ಷಗಳಿಂದ ಪರಸ್ಪರ ಕೈ ಆಡಿಸುತ್ತೇವೆ. ನಡುವೆ ಡಿವೈಡರು, ಅದರ ಮೇಲೆ ಕಬ್ಬಿಣದ ಬೇಲಿ. ಅವಳ ದನಿ ಹೇಗಿದೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಟಿ. ದಾಸರಹಳ್ಳಿಯಲ್ಲಿ ನಂಟರ ಮನೆಯ ನಾಮಕರಣಕ್ಕೆ ಹೋಗಿದ್ದಾಗ ಅತ್ತೆ ಯಾರಿಗೋ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು. “ದೊಡ್ಡ ಸೊಸೆ ಮನ್ತಾವ ಆಯಾಗಿರ್ತದೆ ಕಣವ್ವ. ಚಿಕ್ಕೋಳ ಮನೇಲಿ ಬಾಗ್ಲು ತೆಗುದ್ರೆ ರೋಡೇ ಒಳಕ್ ಬತ್ತದೆ.”

ಅವರು ಹೇಳಿದ್ದು ರಸ್ತೆಯ ಮಾತು. ನಾನು ಕೇಳಿಸಿಕೊಂಡಿದ್ದು ದೊಡ್ಡ ಸೊಸೆ, ಚಿಕ್ಕ ಸೊಸೆ ಎಂಬ ಎರಡು ಪದ. ಗಂಜಿ ಕಾಸುವವಳು ನಾನು, ಕಾಲಿಗೆ ಎಣ್ಣೆ ಉಜ್ಜುವವಳು ನಾನು. ಆದರೆ ಹೊಗಳಿಕೆಯೆಲ್ಲ ಅವಳಿಗೆ.

ಒಂದು ವಾರ ಕುದಿದೆ. ಆಮೇಲೆ ಯಜಮಾನರಿಗೆ ಹೇಳಿದೆ, ಹಿಂದಿನ ಸಂದಿಯಿಂದ ಯಾರ್ಯಾರೋ ಒಳಗೆ ಬರುತ್ತಾರೆ, ಮೊನ್ನೆ ಹಾವೂ ಬಂದಿತ್ತು, ಒಂದು ಗೋಡೆ ಹಾಕಿಸಿಬಿಡಿ ಎಂದು. ಹಾವು ಬಂದಿರಲಿಲ್ಲ. ಅವರಿಗೂ ಅಂಗಡಿಗಳ ಜನರೇಟರ್ ಇಡಲು ಜಾಗ ಬೇಕಿತ್ತು. ಮಿಕ್ಕಿದ್ದ ಸಿಮೆಂಟ್ ಇಟ್ಟಿಗೆಯಲ್ಲಿ ಒಂದೇ ಮಧ್ಯಾಹ್ನ, ಅತ್ತೆ ಊಟಕ್ಕೆ ವಾಪಸು ಬಂದ ಮೇಲೆ, ಗೋಡೆ ಎದ್ದಿತು.

ಅತ್ತೆ ಬೆಳಿಗ್ಗೆ ಇಳಿದು ಹೋದವರು ಗೋಡೆಯ ಮುಂದೆ ನಿಂತುಬಿಟ್ಟರು. ಇನ್ನೂ ಹಸಿಯಾಗಿದ್ದ ಗಾರೆಯ ಮೇಲೆ ಅಂಗೈ ಇಟ್ಟರು.

“ಇಲ್ಲಿ ದಾರಿ ಇತ್ತಲ್ಲವ್ವ.”

“ಕಳ್ಳರ ಕಾಟ ಅತ್ತೆ.”

“ಕಳ್ಳರಾ?” ಎಂದು ನನ್ನ ಮುಖವನ್ನೇ ನೋಡಿದರು. ನಾನು ಒಲೆಯ ಮೇಲೆ ಹಾಲಿದೆ ಎಂದು ಒಳಗೆ ಬಂದೆ.

ಮೂರು ದಿನ ಅವರು ಎಲ್ಲಿಗೂ ಹೋಗಲಿಲ್ಲ. ಬಾಲ್ಕನಿಯಲ್ಲಿ ಕೂತಿದ್ದರು. ನಾನು ಅವರಿಗಿಷ್ಟವಾದ ಹುರುಳಿಕಾಳಿನ ಸಾರು ಮಾಡಿದೆ, ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸಿದೆ. ಗಾಡಿಗಳ ಸದ್ದಿಗೆ ನನ್ನ ಮಾತು ಅವರಿಗೆ ಕೇಳುತ್ತಿರಲಿಲ್ಲ. ಅವರ ಮಾತು ನನಗೆ ಕೇಳುತ್ತಿರಲಿಲ್ಲ. ಆದರೂ ನನಗೆ ಖುಷಿಯಾಗಿತ್ತು, ಗೆದ್ದ ಖುಷಿ.

ನಾಲ್ಕನೇ ದಿನ ಅತ್ತೆ ಮುಂದಿನ ಬಾಗಿಲಿನಿಂದ ಹೊರಟರು.

“ಮೇನ್ ರೋಡಲ್ಲಿ ಹೋಗ್ಬೇಡಿ ಅತ್ತೆ. ಗಾಡಿಗಳು ಹೆಂಗ್ ಬರ್ತವೆ ನೋಡಿ.”

“ಕಣ್ಣು ಕಾಣ್ತವೆ, ಬುಡವ್ವ,” ಎಂದು ಇಳಿದೇ ಹೋದರು.

ನನ್ನ ಮಾತು ಸರಿಯಾಗಿಯೇ ಇತ್ತು. ಆಡಿದ ಕಾರಣ ಮಾತ್ರ ಸರಿಯಿರಲಿಲ್ಲ. ಅವರನ್ನು ರಸ್ತೆಯಿಂದ ಉಳಿಸಿಕೊಳ್ಳಬೇಕು ಎಂದು ಹೇಳಿದ್ದಲ್ಲ ನಾನು, ಅಕ್ಕನಿಂದ ಉಳಿಸಿಕೊಳ್ಳಬೇಕು ಎಂದು.

ಅಂದಿನಿಂದ ದಿನವೂ ಅದೇ. ನಾನು ಬಾಲ್ಕನಿಯಲ್ಲಿ ನಿಂತು ನೋಡುತ್ತಿದ್ದೆ. ನಮ್ಮ ರಾಂಪಿನ ಮೇಲೆ ಕಾರು ನಿಂತಿದ್ದರೆ ಅತ್ತೆ ರಸ್ತೆಗಿಳಿಯಬೇಕು. ಪಕ್ಕದ ಕಟ್ಟಡದ ರಾಂಪು ಇನ್ನೂ ಕಡಿದು, ಅದನ್ನು ಬಳಸಲೂ ರಸ್ತೆಗಿಳಿಯಬೇಕು. ಅದರಾಚೆ ಪಂಕ್ಚರ್ ಅಂಗಡಿಯವನ ಟೈರುಗಳು. ಅಲ್ಲಿಂದ ಲೇಔಟಿನ ತಿರುವಿನವರೆಗೆ ಅವರು ಕಾಲಿಟ್ಟು ನಡೆಯುವಂಥ ಫುಟ್‌ಪಾತು ಒಂದು ಮಾರೂ ಇರಲಿಲ್ಲ. ಯೂ ಟರ್ನ್ ಎಲ್ಲೋ ದೂರದಲ್ಲಿದ್ದುದರಿಂದ ಬೈಕಿನವರು ರಸ್ತೆಯ ಅಂಚು ಹಿಡಿದು ಎದುರುಮುಖವಾಗಿ ಬರುತ್ತಿದ್ದರು. ಅತ್ತೆ ನಡೆಯುತ್ತಿದ್ದದ್ದೂ ಅದೇ ಅಂಚಿನಲ್ಲಿ. ಇದೆಲ್ಲ ನನ್ನ ಕಣ್ಣಿಗೆ ಬೀಳುತ್ತಿತ್ತು. ಆದರೂ ಆಗ ಮನಸ್ಸಿನಲ್ಲಿದ್ದದ್ದು ಒಂದೇ ಮಾತು: ಇಷ್ಟು ಕಷ್ಟಪಟ್ಟಾದರೂ ಅವಳ ಮನೆಗೇ ಹೋಗಬೇಕೇ?

ಅವರು ಬಿದ್ದ ದಿನ ಬೇಕರಿಯವರು ಅಂಗಡಿ ತೊಳೆದು ನೀರನ್ನು ರಾಂಪಿನ ಮೇಲೆ ಬಿಟ್ಟಿದ್ದರು. ಅಲ್ಲೇ ಒಂದು ಕಾರು ಅರ್ಧ ಹತ್ತಿ, ಹಿಂಭಾಗ ರಸ್ತೆಗೆ ಚಾಚಿ ನಿಂತಿತ್ತು. ಅತ್ತೆ ಒದ್ದೆಯನ್ನು ನೋಡಿ ಸೀರೆ ಎತ್ತಿ ಹಿಡಿದರು, ಕಾರನ್ನು ಬಳಸಲು ರಸ್ತೆಗಿಳಿದರು, ಇನ್ನೊಂದು ಹೆಜ್ಜೆ ಇಟ್ಟರು. ಎದುರುಮುಖವಾಗಿ ಬಂದ ಬೈಕಿನ ಹ್ಯಾಂಡಲ್ ಅವರ ಸೊಂಟಕ್ಕೆ ಬಡಿಯಿತು. ನಾನು ಮೇಲಿನಿಂದ ಕೂಗಿದೆ. ಆ ಸದ್ದಿನಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ.

ಬೈಕಿನವನು ಓಡಿಹೋಗಲಿಲ್ಲ. ಊಟದ ಡಬ್ಬಿ ತಲುಪಿಸುವ ಕೆಲಸದವನು, ಮಕ್ಕಳೊಂದಿಗನಂತೆ ಕಂಡ. ಹೆಲ್ಮೆಟ್ ತೆಗೆದು ಅತ್ತೆಯ ತಲೆಯ ಕೆಳಗೆ ತನ್ನ ಜಾಕೆಟ್ ಇಟ್ಟು, “ಅಮ್ಮ ಕಾರಿನ ಹಿಂದಿಂದ ಬಂದ್ಬಿಟ್ರು ಮೇಡಂ, ಕಾಣ್ಲಿಲ್ಲ, ನಿಜವಾಗ್ಲೂ ಕಾಣ್ಲಿಲ್ಲ,” ಎಂದ. ಅಷ್ಟರಲ್ಲಿ ಯಜಮಾನರು ಬಂದು ಅವನ ಕೊರಳಪಟ್ಟಿ ಹಿಡಿದರು. ಅತ್ತೆ ಮಲಗಿದ್ದಲ್ಲಿಂದಲೇ ಹೇಳಿದರು: “ಒಡೀಬ್ಯಾಡ ಕಣೋ. ನಡ್ಯಾಕೆ ಜಾಗ ಇಲ್ದೆ ನಾನೇ ರೋಡಿಗಿಳ್ದೆ.”

ಯಜಮಾನರ ಕೈ ಸಡಿಲವಾಯಿತು. ಅವರು ನಿಂತಿದ್ದದ್ದು ತಾವೇ ಹಾಕಿಸಿದ ರಾಂಪಿನ ಮೇಲೆ.

ಹೆಬ್ಬಾಳದ ಕಡೆ ಒಂದು ಆಸ್ಪತ್ರೆಯಲ್ಲಿ ಸೊಂಟದ ಆಪರೇಷನ್ ಆಯಿತು. ಮನೆಗೆ ಕಳಿಸುವ ದಿನ ಡಾಕ್ಟರು ಅಕ್ಕನನ್ನೂ ನನ್ನನ್ನೂ ಕೂರಿಸಿ ವಿವರಿಸಿದರು. ಕೆಲವು ತಿಂಗಳು ಮೆಟ್ಟಿಲು ಹತ್ತುವಂತಿಲ್ಲ. ಆದರೆ ವಾಕರ್ ಹಿಡಿದು ದಿನಾ ನಡೆಯಲೇಬೇಕು. “ಮನೆ ಹತ್ರ ಸಮತಟ್ಟಾಗಿ ನಡೆಯೋಕೆ ಜಾಗ ಇದ್ಯಾ?”

“ಇದೆ ಡಾಕ್ಟ್ರೇ,” ಎಂದಳು ಅಕ್ಕ. ನಾನು ಬಾಯಿ ತೆರೆಯುವುದಕ್ಕೂ ಮೊದಲೇ.

ಹೇಳಲು ನಾಚಿಕೆಯಾಗುತ್ತದೆ. ಅತ್ತೆ ಹಾಸಿಗೆಯ ಮೇಲೆ ನರಳುತ್ತಿದ್ದ ಆ ಹೊತ್ತಿನಲ್ಲೂ ನನ್ನ ಎದೆಯಲ್ಲಿ ಚುರ್ ಎಂದಿತು. ಯಾವುದನ್ನು ತಪ್ಪಿಸಲು ಗೋಡೆ ಹಾಕಿಸಿದೆನೋ ಅದನ್ನು ನಾನೇ ಪೂರ್ತಿಯಾಗಿ ಅವಳ ಕೈಗಿಟ್ಟಂತಾಗಿತ್ತು. ಅತ್ತೆ ಅಕ್ಕನ ಮನೆಯ ನೆಲಮಹಡಿಯ ಕೋಣೆಗೆ ಹೋದರು.

ಅಡುಗೆಯಾದರೂ ನನ್ನದಿರಲಿ ಎಂದು ಹಟ ಹಿಡಿದೆ. ದಿನಾ ಡಬ್ಬಿ ತೆಗೆದುಕೊಂಡು ಹೊರಟೆ. ಅಷ್ಟು ಹತ್ತಿರಕ್ಕೂ ಸ್ಕೂಟರ್ ತೆಗೆಯುತ್ತಿದ್ದವಳು ನಾನು. ಈಗ ಬೇಕೆಂದೇ ನಡೆದೆ, ಅತ್ತೆ ನಡೆದಲ್ಲೇ. ನಮ್ಮ ರಾಂಪಿನಲ್ಲಿ ಚಪ್ಪಲಿ ಜಾರುತ್ತಿತ್ತು. ಪಕ್ಕದ್ದರ ಬಳಿ ಇಳಿದಾಗ ಹಿಂದಿನಿಂದ ಬಸ್ಸಿನ ಹಾರನ್, ಮುಂದಿನಿಂದ ಬೈಕು. ಒಬ್ಬ ನನ್ನನ್ನೇ ಬೈದು ಹೋದ. ತಿರುವು ದಾಟಿ ಅಕ್ಕನ ಬೀದಿಗೆ ಕಾಲಿಟ್ಟ ಮೇಲೆಯೇ ಉಸಿರು ಸರಿಹೋಗುತ್ತಿತ್ತು. ಉಸಿರು ಸರಿಹೋದ ಕೂಡಲೇ ಹೊಟ್ಟೆಕಿಚ್ಚು ಶುರುವಾಗುತ್ತಿತ್ತು.

ಒಂದು ಬೆಳಿಗ್ಗೆ ಅತ್ತೆಯನ್ನು ಹೊಂಗೆ ಮರದ ಕೆಳಗೆ ಕೂರಿಸಿ ನಾವಿಬ್ಬರೂ ಪಾರ್ಕಿನ ಕಟ್ಟೆಯ ಮೇಲೆ ಕೂತಿದ್ದೆವು. ಇನ್ನು ತಡೆಯಲಾಗಲಿಲ್ಲ.

“ಅಕ್ಕ, ಆ ಸಂದಿ ಮುಚ್ಚಿಸಿದ್ದು ನಾನೇ. ಹಾವೂ ಇಲ್ಲ, ಕಳ್ಳರೂ ಇಲ್ಲ.”

“ಗೊತ್ತು.”

“ಯಾರ್ ಹೇಳಿದ್ರು?”

“ಅತ್ತೇನೇ. ಗೋಡೆ ಎದ್ಮೇಲೆ ಮೊದಲ್ನೇ ಸಲ ಬಂದ್ರಲ್ಲ, ಅವತ್ತೇ. ‘ಚಿಕ್ಕೋಳಿಗೆ ನನ್ ಮೇಲೆ ಕ್ವಾಪ ಇಲ್ಲ, ನಿನ್ ಮೇಲೆ ಒಟ್ಟೆಕಿಚ್ಚು’ ಅಂದ್ರು.”

“ನೀನ್ ಏನಂದೆ?”

“ನಂಗೆ ಖುಷಿ ಆಯ್ತು ಕಣೇ. ಭಾಗ ಆದಾಗಿಂದ ಉರ್ಕೊಂಡಿದ್ದೋಳು ನಾನು. ಕೊನೇಗೂ ನಿನ್ ಸರದಿ ಬಂತಲ್ಲ ಅನ್ಕೊಂಡೆ. ಬಂದು ಗೋಡೆ ಒಡೀರಿ ಅಂತ ಜಗಳ ಆಡ್ಬೇಕಿತ್ತು. ಆಡ್ಲಿಲ್ಲ.”

ನಾವು ಅಪ್ಪಿಕೊಂಡು ಅಳಲಿಲ್ಲ. ಅವಳು ಎದ್ದು ಅತ್ತೆಯ ವಾಕರ್ ತಂದಳು, ನಾನು ಅತ್ತೆಯ ರಟ್ಟೆ ಹಿಡಿದೆ.

ಅದೇ ವಾರ ಗೋಡೆ ಒಡೆಸಿದೆ. ಯಜಮಾನರು ಅದಕ್ಕೆ ಎದುರಾಡಲಿಲ್ಲ. ಜನರೇಟರನ್ನು ಟೆರೇಸಿಗೆ ಏರಿಸಿದರು. ರಾಂಪು ಒಡೆಸಬೇಕು ಎಂದಾಗ ಮಾತ್ರ ಸಿಡಿದರು.

“ನಮ್ದೊಂದು ಒಡೆದ್ರೆ ಏನೇ ಪ್ರಯೋಜನ? ಈ ಕಡೆ ರಾಂಪು, ಆ ಕಡೆ ರಾಂಪು. ಮಧ್ಯ ನಾವ್ ಮಾತ್ರ ಫುಟ್‌ಪಾತ್ ಮಾಡಿ ಪ್ರದರ್ಶನಕ್ಕಿಡೋದಾ?”

“ನಿಮ್ಮಮ್ಮ ಬಿದ್ದಿದ್ದು ನಮ್ದರ ಮುಂದೆ.”

ಬೇಕರಿಯವನೂ ಮೇಲೆ ಬಂದು ಬೇಡಿಕೊಂಡ. ಕಾರು ನಿಲ್ಲಲು ಆಗದಿದ್ದರೆ ಗಿರಾಕಿಗಳು ಬೇರೆ ಕಡೆ ಹೋಗುತ್ತಾರೆ ಎಂದ. ಅವನ ಮಾತು ಸುಳ್ಳಲ್ಲ. ನಾಲ್ಕು ದಿನ ಮನೆಯಲ್ಲಿ ಮಾತುಕತೆ ನಿಂತಿತು. ಐದನೇ ದಿನ ಬೆಳಿಗ್ಗೆ ಕೆಳಗೆ ಬ್ರೇಕರ್ ಮೆಷಿನ್ನಿನ ಸದ್ದು. ಯಜಮಾನರೇ ನಿಂತು ಒಡೆಸುತ್ತಿದ್ದರು. ಅಂಗಡಿಗಳಿಗೆ ಒಳಗಡೆಗೇ ಎರಡು ಮೆಟ್ಟಿಲು ಮಾಡಿಸಿ, ಮೋರಿಯ ಮೇಲೆ ಹೊಸ ಚಪ್ಪಡಿ ಹಾಕಿಸಿ, ಕಟ್ಟಡದ ಉದ್ದಕ್ಕೆ ಸಮತಟ್ಟು ಮಾಡಿಸಿದರು.

ಯಜಮಾನರ ಮಾತೂ ನಿಜವಾಯಿತು. ಎರಡು ಗುಡ್ಡಗಳ ಮಧ್ಯೆ ಒಂದಿಷ್ಟು ಬಯಲು, ಅಷ್ಟೇ. ಖಾಲಿ ಕಂಡ ಕೂಡಲೇ ಬೈಕುಗಳು ಬಂದು ನಿಂತವು. ನಾನು ದಿನಾ ಇಳಿದು ತೆಗೆಸುತ್ತೇನೆ. “ಇದೇನ್ ನಿಮ್ ಜಾಗನಾ ಮೇಡಂ?” ಎಂದು ಒಬ್ಬ ಕೇಳಿದ. ಬೈಕಿನ ಮುಂದೆ ಹೋಗಿ ನಿಂತೆ. ಗೊಣಗಿಕೊಂಡು ತೆಗೆದ. ಪಕ್ಕದ ಕಟ್ಟಡದವರನ್ನೂ ಕೇಳಿ ನೋಡಿದೆ. “ನೋಡೋಣ ಅಕ್ಕ,” ಎಂದರು. ಇನ್ನೂ ನೋಡುತ್ತಲೇ ಇದ್ದಾರೆ.

ವಾಕರ್ ಬಿಟ್ಟು ಕೋಲು ಹಿಡಿಯುವಷ್ಟಾದ ಮೇಲೆ ಅತ್ತೆ ಒಮ್ಮೆ ಕಾಲುದಾರಿಯಲ್ಲಿ ನಮ್ಮಲ್ಲಿಗೆ ಬಂದರು. ಮನೆಗೆ ವಾಪಸು ಬಂದುಬಿಡುತ್ತಾರೇನೋ ಎಂದು ನಾನು ಅವರ ಹಾಸಿಗೆಯನ್ನು ಬಿಸಿಲಿಗೆ ಹಾಕಿ ಇಟ್ಟಿದ್ದೆ. ಅವರು ಮೆಟ್ಟಿಲು ಹತ್ತಲಿಲ್ಲ. ಅಂಗಡಿಗಳ ಮುಂದೆ ಹೋಗಿ ಹೊಸ ಚಪ್ಪಡಿಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆದರು, ತಿರುಗಿ ಬಂದರು.

“ಚೆನ್ನಾಗೈತೆ. ಆದ್ರೆ ಎಲ್ಗೂ ಓಗಂಗಿಲ್ವಲ್ಲವ್ವ,” ಎಂದರು.

“ಇಲ್ಲೇ ಇದ್ಬಿಡಿ ಅತ್ತೆ.”

“ಬತ್ತಿರ್ತೀನಿ. ದಾರಿ ಐತಲ್ಲ.”

ನಾನೇ ಅವರನ್ನು ಬಿಟ್ಟುಬರಲು ಹೋದೆ. ಆ ಬೀದಿಯಲ್ಲಿ ಹುಡುಗಿಯರು ರಸ್ತೆಗೆ ಅಡ್ಡಲಾಗಿ ಹಗ್ಗ ಕಟ್ಟಿ ಶಟಲ್ ಆಡುತ್ತಿದ್ದರು. ಅತ್ತೆಯನ್ನು ಕಂಡು ಆಟ ನಿಲ್ಲಿಸಿ ಹಗ್ಗ ಎತ್ತಿ ಹಿಡಿದರು. ಟೀಚರಮ್ಮ ಗೇಟಿನಿಂದ, “ಎಲ್ಲಿ ಹೋಗಿದ್ರಿ ಬೆಳಿಗ್ಗೆಯಿಂದ?” ಎಂದು ಕೇಳಿದರು. ಅಕ್ಕ ಮನೆ ಮುಂದೆ ಕಾಯುತ್ತ ನಿಂತಿದ್ದಳು. ಅತ್ತೆ ನನ್ನ ಕೈ ಬಿಟ್ಟು ಅವಳ ಕೈ ಹಿಡಿದರು. ಉರಿಯಿತು. ಅಕ್ಕ ಅದನ್ನು ನೋಡಿದಳು, ನೋಡಿದಳೆಂದು ನನಗೂ ಗೊತ್ತಾಯಿತು. “ಬಾರೇ, ಕಾಫಿ ಕುಡ್ಕೊಂಡ್ ಹೋಗು,” ಎಂದಳು. ಹೋದೆ.